ಬುಷ್‌ಕಿಲ್ ಹೊಳೆಯ ದಡದ ಕೋವಿಗಳು

ಕಳೆದ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಅಕ್ಕನ ಮನೆಗೆ ಹೋಗಿದ್ದಾಗ ಅಳಿಯ ನನ್ನ ಮುಂದೆ ವಿಚಿತ್ರವಾದ ಪ್ರಶ್ನೆಯೊಂದನ್ನು ಇಟ್ಟ. “ಮಾವ, ಜಿಂಕೆಯ ಬೇಟೆಗೆ ಯಾವ ಅಳತೆಯ ಕೋವಿ ಕೊಳ್ಳಲಿ?” ಕಾಸರಗೋಡಿನ ಅಡಿಕೆ ತೋಟದಲ್ಲಿ ಬೆಳೆದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮನ್ನು ನ್ಯಾಯಾಲಯದಲ್ಲಿ ಓದಿ ಹೇಳಿದ ವಕೀಲ ನಾನು. ನಮ್ಮಲ್ಲಿ ಜಿಂಕೆಯ ಬೇಟೆ ಅಪರಾಧ. ಅಲ್ಲಿ ಪರವಾನಗಿ ಪಡೆದವನಿಗೆ ಗೊತ್ತಾದ ಕಾಲದಲ್ಲಿ ಅದಕ್ಕೆ ಅನುಮತಿಯುಂಟು. ಹುಡುಗ ಬೇಟೆಗಾರರ ಶಿಕ್ಷಣ ತರಗತಿಯನ್ನೂ ಮುಗಿಸಿ ಸಿದ್ಧನಾಗಿದ್ದ.

ಕ್ರಿಸ್‌ಮಸ್ ಕಳೆದ ಮೇಲೆ ಆ ರಾಜ್ಯದಲ್ಲಿ ಚಕಮಕಿ ಕೋವಿಗಳಿಗೆಂದೇ ಮೀಸಲಾದ ಬೇಟೆಯ ಕಾಲವೊಂದಿದೆ. 1974ರಲ್ಲಿ ಅದು ಆರಂಭವಾಯಿತು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಗುಂಡನ್ನು ಕೋಲಿನಿಂದ ತಳ್ಳಿ, ಕಲ್ಲಿನ ಕಿಡಿಯಿಂದ ಸಿಡಿಸುವ ಕೋವಿ ಮಾತ್ರ ಆಗ ಸಲ್ಲುತ್ತದೆ. ನಮ್ಮ ಹಿರಿಯರು ಬಲ್ಲ ಕೇಪಿನ ಕೋವಿಗಿಂತಲೂ ಹಳೆಯ ಬಗೆ. ನಳಿಗೆಯ ಒಳವ್ಯಾಸ, ಅಂದರೆ ಕ್ಯಾಲಿಬರ್, .44 ಇಂಚಿಗಿಂತ ಕಡಿಮೆ ಇರಕೂಡದೆಂದು ನಿಯಮ.

ನೋಡಿಯೇ ತೀರ್ಮಾನಿಸೋಣವೆಂದು ನಜರೆತ್ ಪಟ್ಟಣದ ಸಮೀಪದ ಜೇಕಬ್ಸ್‌ಬರ್ಗಿಗೆ ಹೊರಟೆವು. ಮೇಪಲ್ ಮರಗಳು ಕೆಂಪೇರಿದ್ದವು. ಹೊಳೆಯ ಬದಿಯಲ್ಲಿ ಮಾತ್ರ ಹೆಮ್ಲಾಕ್ ಮರಗಳ ಕಪ್ಪು ನೆರಳು. ಬುಷ್‌ಕಿಲ್ ಅಂಥ ದೊಡ್ಡ ಹೊಳೆಯೇನಲ್ಲ. ಅದರ ನೀರಿನ ಬಲವನ್ನು ನಂಬಿ ಹೆನ್ರಿ ಮನೆತನದವರು 1812ರ ಸುಮಾರಿಗೆ ಇಲ್ಲಿ ಬೋಲ್ಟನ್ ಎಂಬ ಕೋವಿ ಕಾರ್ಖಾನೆ ಕಟ್ಟಿದರು. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಅಮೆರಿಕನ್ ಫರ್ ಕಂಪೆನಿಗೆ ಕೋವಿಗಳು ಇಲ್ಲಿಂದ ಹೋಗುತ್ತಿದ್ದವು. ಈಗ ಅಲ್ಲಿರುವುದು ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಮ್ಯೂಸಿಯಂ.

ಮೂರೂವರೆ ಅಡಿ ನಳಿಗೆಯ, ಮೇಪಲ್ ಮರದ ಹಿಡಿಯ ಆ ಕೋವಿಗಳ ಸೊಬಗು ಕೊಲ್ಲುವ ಸಾಧನವೆಂಬುದನ್ನು ಮರೆಸುವಂಥದು. ಜರ್ಮನಿಯಿಂದ ವಲಸೆ ಬಂದ ಕಮ್ಮಾರರು ತಂದ ಮಾದರಿ ಗಿಡ್ಡವಾಗಿತ್ತು, ಅದರ ಬಾಯಿ ಅಗಲವಾಗಿತ್ತು. ಇಲ್ಲಿ ಸೀಸ, ಮದ್ದು ಎರಡೂ ದುಬಾರಿ. ಆದುದರಿಂದ ನಳಿಗೆ ಉದ್ದವಾಯಿತು, ಬಾಯಿ ಕಿರಿದಾಯಿತು. ದೊಡ್ಡ ಮೃಗಗಳು ವಿರಳವಾದಂತೆ ಅಳಿಲು ಹೊಡೆಯಲು ಸಾಕಾಗುವ .36ರ ತನಕವೂ ಇಳಿಯಿತು.

ಅಳಿಯನಿಗೆ .45 ಮೆಚ್ಚಿಗೆಯಾಗಿತ್ತು. ಒದೆತ ಕಡಿಮೆ, ಕಾನೂನಿಗೂ ಸಲ್ಲುತ್ತದೆ. .45ಕ್ಕೂ .50ಕ್ಕೂ ಏನು ಮಹಾ ವ್ಯತ್ಯಾಸವೆಂದು ನನಗೂ ತೋರಿತು. ಆದರೆ ಹೈಸ್ಕೂಲಿನ ಗಣಿತ ಬೇರೆಯೇ ಹೇಳುತ್ತದೆ. ಗೋಳದ ಗಾತ್ರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. .45ರ ಸೀಸದ ಗುಂಡು ಸುಮಾರು 8.3 ಗ್ರಾಂ, .50ರದು 11.5 ಗ್ರಾಂ, .54ರದು 14.5 ಗ್ರಾಂ. ವ್ಯಾಸ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿದರೆ ತೂಕ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಉರುಟು ಗುಂಡು ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುವುದರಿಂದ ಜಿಂಕೆಯನ್ನು ಮುಟ್ಟುವಾಗ ಉಳಿಯುವುದು ಹೆಚ್ಚಾಗಿ ಈ ತೂಕವೇ. ಅಲ್ಲಿನ ಬಿಳಿಬಾಲದ ಜಿಂಕೆಗೆ .54 ಬೇಕೆಂದಿಲ್ಲ, ಒದೆತಕ್ಕೆ ಅಂಜಿದ ಕೈ ಗುರಿ ತಪ್ಪುವುದೂ ಉಂಟು.

ಅಲ್ಲಿಯೇ ಹೊಳೆಯ ಬದಿಯಲ್ಲಿ ಕುಳಿತು ನಾನು ಅವನಿಗೆ ಅಜ್ಜನ ಕಥೆ ಹೇಳಿದೆ. ಬೆಳೆ ಕಾಯಲೆಂದು ಅಜ್ಜನಲ್ಲಿ ಸಪೂರ ನಳಿಗೆಯ ಕೇಪಿನ ಕೋವಿಯಿತ್ತು. ನಾನು ಹುಟ್ಟುವುದಕ್ಕಿಂತ ಬಹಳ ಹಿಂದೆ, ಒಂದು ರಾತ್ರಿ, ಮದ್ದು ಉಳಿಸುವ ಹಟದಿಂದ ಅರೆಪಾಲು ತುಂಬಿ ಕಾಡುಹಂದಿಗೆ ಈಡು ಹೊಡೆದರಂತೆ. ತಾಗಿತು, ಬೀಳಲಿಲ್ಲ. ಮೂರನೆಯ ದಿನ ಅದು ನಮ್ಮ ಸುರಂಗದ ಬಾಯಲ್ಲಿ ನೀರಿಗೆ ಮೂತಿ ಚಾಚಿ ಸತ್ತು ಬಿದ್ದಿತ್ತು. ಆ ಬೇಸಿಗೆಯಿಡೀ ಮನೆಯವರು ಆ ನೀರು ಕುಡಿಯಲಿಲ್ಲ. ಅಜ್ಜ ಮತ್ತೆ ಕೋವಿ ಎತ್ತಲಿಲ್ಲ. ನನಗೆ ಇದನ್ನು ಹೇಳುವಾಗಲೂ ಅವರ ಧ್ವನಿ ತಗ್ಗುತ್ತಿತ್ತು.

“.44 ಎಂಬುದು ಕಾನೂನಿನ ಹೊಸ್ತಿಲು ಮಾತ್ರ. ನೀನು .50 ತೆಗೆದುಕೋ. ಐವತ್ತು ಗಜಕ್ಕಿಂತ ದೂರದ ಜಿಂಕೆಗೆ ಗುರಿಯಿಡಬೇಡ” ಎಂದೆ. ಬೇಟೆಯೇ ಬೇಡವೆನ್ನುವ ಆಸೆ ನಾಲಗೆಯ ತುದಿಯಲ್ಲಿತ್ತು. ಅವನು ಕೇಳಿದ್ದು ಅದನ್ನಲ್ಲ.

ಜನವರಿಯಲ್ಲಿ ಫೋನ್ ಮಾಡಿದ. ಹಿಮದಲ್ಲಿ ಎರಡು ದಿನ ನಿಂತಿದ್ದನಂತೆ. ಎಂಬತ್ತು ಗಜದಾಚೆ ಒಂದು ಹೆಣ್ಣು ಜಿಂಕೆ ಬಹಳ ಹೊತ್ತು ನಿಂತು ಹೋಯಿತಂತೆ. ಕೋವಿ ಸಿಡಿಸಲಿಲ್ಲ. ಮನೆಗೆ ಬಂದರೆ ಅಕ್ಕ, ಗುಂಡು ತುಂಬಿದ ಕೋವಿಯನ್ನು ಒಳಗೆ ತರಕೂಡದೆಂದು ಬಾಗಿಲಲ್ಲೇ ತಡೆದಳಂತೆ. ಬದಿಯ ಪುಟ್ಟ ಬಟ್ಟಲಿನ ಮದ್ದನ್ನು ಚೆಲ್ಲಿದರೆ ಆ ರಾಜ್ಯದ ನಿಯಮದ ಪ್ರಕಾರ ಚಕಮಕಿ ಕೋವಿ ಖಾಲಿಯೆಂದೇ ಲೆಕ್ಕ. “ಮಾವ, ಅಮ್ಮನಿಗೆ ನೀವೇ ಹೇಳಿ” ಎಂದ. ನಾನು ಅಕ್ಕನ ಪಕ್ಷವನ್ನೇ ವಹಿಸಿದೆ.