ಮಗ್ಗ ಬಿಟ್ಟು ಹೊರಗೆ ಬಂದ ಫೋನು

ಕಬನೂರಿನ ಈ ಶೆಡ್ಡಿನೊಳಗೆ ಪಕ್ಕದವರ ಮಾತೂ ಕೇಳಿಸದು. ಪವರ್‌ಲೂಮುಗಳು ಒಂದೇ ಸಮನೆ ಖಟಾಖಟ್ ಬಡಿಯುತ್ತಿವೆ, ಲಾಳಿ ಅತ್ತಿಂದಿತ್ತ ಹಾರುತ್ತಿದೆ, ಅರಳೆಯ ಧೂಳು ನಿಮ್ಮ ರೆಪ್ಪೆಯ ಮೇಲೂ ಕೂತಿದೆ. ಮಹಾರಾಷ್ಟ್ರದ ಇಚಲಕರಂಜಿಗೆ ಅಂಟಿಕೊಂಡ ಈ ಊರಲ್ಲಿ ಮಾಲಕರ ಜೊತೆ ಮರಾಠಿ, ರಾಯಬಾಗ, ಅಥಣಿ ಕಡೆಯವರ ನಡುವೆ ಕನ್ನಡ. ಮುಂದಿನ ಮಗ್ಗದ ಕಾಕಾ ರಾಯಬಾಗದವರು. ಕಿಸೆಯಲ್ಲಿ ಫೋನು ನಡುಗಿತೆಂದು ಪಕ್ಕದವನಿಗೆ ಕೈಸನ್ನೆ ಮಾಡಿ ಹೊರಗೆ ನಡೆದಿದ್ದಾರೆ. ನೀವೂ ಹೋಗಿ ನಿಲ್ಲಿ.

ಅತ್ತ ಕಡೆಯವನದು ಹಿಂದಿ, ಭಾರೀ ಮರ್ಯಾದೆಯ ಹಿಂದಿ. ಬ್ಯಾಂಕಿನಿಂದ ಮಾತಾಡುತ್ತಿದ್ದಾನಂತೆ. ಕೆವೈಸಿ ಅವಧಿ ಮುಗಿದಿದೆ, ಸಂಜೆಯೊಳಗೆ ಖಾತೆ ಬಂದ್. ಕಾಕಾನ ಹೆಸರು, ಬ್ಯಾಂಕು, ಎಟಿಎಂ ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲ ಹೇಳುತ್ತಾನೆ. ಇಷ್ಟು ಗೊತ್ತಿದ್ದವನು ಬ್ಯಾಂಕಿನವನೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಂಥ ಮಾಹಿತಿ ದುಡ್ಡಿಗೆ ಸಿಗುತ್ತದೆ. ಪರದೆ ನೋಡಿ: ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರು. ಬ್ಯಾಂಕಿನ ಸೇವಾ ಕರೆಗಳಿಗೆಂದೇ 1600ರ ಸರಣಿ ಮೀಸಲಿದೆ ಎಂಬುದು ಈ ಗಲ್ಲಿಯವರೆಗೆ ಇನ್ನೂ ಬಂದಿಲ್ಲ.

ಕಾಕಾ ಅನುಮಾನಿಸಿದೊಡನೆ ದನಿ ಬಿರುಸಾಗುತ್ತದೆ. ಪೊಲೀಸ್ ಕೇಸು ಆದೀತು, ಫೋನ್ ಇಡಬೇಡ. (ಇಂಥದೇ ನಕಲಿ ಅಧಿಕಾರಿಯೊಬ್ಬನ ಮಾತನ್ನು ವಿಜಯಪುರದವರೊಬ್ಬರು ರೆಕಾರ್ಡ್ ಮಾಡಿಟ್ಟಿದ್ದರು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅದನ್ನೇ ದೇಶಕ್ಕೆ ಕೇಳಿಸಿದರು.)

ವಾಟ್ಸಾಪಿಗೆ ಬ್ಯಾಂಕಿನ ಚಿಹ್ನೆ ಹೊತ್ತ ಫೈಲು ಬಂದು ಬೀಳುತ್ತದೆ. ಹೆಸರಿನ ಕೊನೆಗೆ ‘ಎಪಿಕೆ’, ಅಂದರೆ ಅದೊಂದು ಆ್ಯಪ್. ಕಾಕಾ ಒತ್ತುತ್ತಾರೆ, ಕೇಳಿದ ಅನುಮತಿಗೆಲ್ಲ ‘ಅಲೌ’ ಅನ್ನುತ್ತಾರೆ, ತೆರೆದ ಫಾರ್ಮಿನಲ್ಲಿ ಕಾರ್ಡಿನ ವಿವರ ತುಂಬುತ್ತಾರೆ. ಓಟಿಪಿ ಯಾರಿಗೂ ಹೇಳಬೇಡಿ ಎಂಬ ಪಾಠ ಅವರಿಗೆ ಬಾಯಿಪಾಠವಿದೆ. ಅವರು ಹೇಳಲೂ ಇಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಬಂದ ಮೆಸೇಜನ್ನು ಆ ಆ್ಯಪೇ ಓದಿ ಅತ್ತ ದಾಟಿಸಿದೆ. ಎರಡು ಸಲ ಟಿಣ್ ಎನ್ನುತ್ತದೆ. ಮೊನ್ನೆ ಜಮೆಯಾದ ಕಬ್ಬಿನ ಬಿಲ್ಲಿನಲ್ಲಿ ನಲವತ್ತು ಸಾವಿರ ಹೋಗಿದೆ.

“ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ,” ಅನ್ನುತ್ತಾರೆ ಕಾಕಾ.

ದುಡ್ಡು ನಿಜವಾಗಿ ಕೈಬಿಡುವುದು ಇಲ್ಲೇ. ನಾಚಿಕೆಯಿಂದ ರಾತ್ರಿ ಕಳೆದರೆ, ಬಾಡಿಗೆ ಖಾತೆಯಿಂದ ಬಾಡಿಗೆ ಖಾತೆಗೆ ಹಾರಿ ಎಲ್ಲೋ ಒಂದು ಎಟಿಎಂನಲ್ಲಿ ಅದು ನೋಟಾಗಿ ಹೋಗುತ್ತದೆ.

ಪುಣ್ಯಕ್ಕೆ ಮಗ್ಗ ರಿಪೇರಿಯ ಜಾಬರ್ ಹುಡುಗ ಪಾನಾ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. “ಕಾಕಾ, ಮನಿ ಮಾತ ಆಮ್ಯಾಗ. ಮೊದಲ ನೆಟ್ ಬಂದ್ ಮಾಡ್ರಿ. ನನ್ನ ಫೋನಿನಿಂದ 1930ಕ್ಕ ಹಚ್ಚೂಣು.”

ಲೈನು ಬಿಜಿ. ಮತ್ತೆ ಹಚ್ಚುತ್ತಾನೆ. ಸಿಕ್ಕವರು ಉಪದೇಶ ಮಾಡುವುದಿಲ್ಲ. ಬ್ಯಾಂಕು ಯಾವುದು, ಖಾತೆ ನಂಬರೇನು, ಎಷ್ಟು ಹೊತ್ತಿಗೆ, ಎಷ್ಟು, ಮೆಸೇಜಿನಲ್ಲಿರುವ ವ್ಯವಹಾರ ಸಂಖ್ಯೆ ಏನು ಎಂದಷ್ಟೇ ಕೇಳುತ್ತಾರೆ. ಎಣ್ಣೆ ಹತ್ತಿದ ಬೆರಳಿನಿಂದ ಹುಡುಗ ಒಂದೊಂದೇ ಅಂಕಿ ತೋರಿಸುತ್ತಾನೆ, ಕಾಕಾ ಓದುತ್ತಾರೆ. ಕೇಂದ್ರ ಗೃಹ ಸಚಿವಾಲಯದ ಈ ಸೈಬರ್ ವಂಚನೆ ಸಹಾಯವಾಣಿಗೆ ಬ್ಯಾಂಕುಗಳೂ ಜೋಡಿಕೊಂಡಿವೆ. ಹಣ ಹೋದ ದಾರಿಯಲ್ಲಿ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ತಡೆಹಿಡಿಯಬಹುದು. ದೂರಿನ ಸಂಖ್ಯೆ ಸಿಕ್ಕ ಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ವಿವರ ತುಂಬಿ ದೂರು ಪೂರ್ತಿ ಮಾಡಬೇಕು.

“ಖಾತೆ ಊರಾಗ, ನಾ ಇಲ್ಲಿ. ಪೊಲೀಸ್ನವ್ರು ಅಲ್ಲಿಗೇ ಹೋಗಂದ್ರ?”

ಹಾಗೆ ಸಾಗಹಾಕುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು. ಗಡಿ ದಾಟಿ ದುಡಿಯುವವರಿಗೆ ಇದಕ್ಕಿಂತ ಉಪಯೋಗದ ಕಲಮು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಉಳಿದದ್ದು ಬ್ಯಾಂಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳಿದ್ದಿಷ್ಟು: ಗಿರಾಕಿಯ ಅಜಾಗ್ರತೆಯಿಂದ ಹಣ ಹೋಗಿದ್ದರೂ, ಅವನು ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಖಾತೆಯಲ್ಲಿ ಇನ್ನೂ ಹದಿನೆಂಟು ಸಾವಿರ ಉಳಿದಿದೆ.

ಕಾಕಾ ಪಾಸ್‌ಬುಕ್ಕಿನ ಮೇಲಿದ್ದ ಶಾಖೆಯ ನಂಬರಿಗೆ ಹಚ್ಚಿದ್ದಾರೆ, ದನಿ ಈಗ ಗಟ್ಟಿಯಾಗಿದೆ: “ಸಾಹೇಬ್ರ, ಕಾರ್ಡ್ ಬಂದ್ ಮಾಡ್ರಿ. ಎಷ್ಟ್ ಗಂಟೇಕ ಹೇಳೇನಿ ಅನ್ನೂದನ್ನೂ ಬರಕೊಳ್ರಿ, ನಂಬರ್ ಕೊಡ್ರಿ.”