ಹಳೆಯ ಕೈ, ಹೊಸ ಕತ್ತರಿ

ಮನುಷ್ಯನು ಮನೆ ಬದಲಿಸಬಹುದು, ಊರು ಬದಲಿಸಬಹುದು. ಕೈಯ ಅಭ್ಯಾಸವನ್ನು ಬದಲಿಸುವುದು ಮಾತ್ರ ಅಷ್ಟು ಸುಲಭವಲ್ಲ. ಬಾಡಿಗೆ ಮನೆ ಬದಲಿಸಿದ ಗೃಹಿಣಿಯನ್ನು ನೋಡಿ. ಉಪ್ಪಿನ ಭರಣಿ ಬಲಗಡೆಯ ಗೂಡಿನಲ್ಲಿದೆಯೆಂದು ಕಣ್ಣಿಗೆ ತಿಳಿದಿದ್ದರೂ ಕೈ ಎಂಟು ದಿನ ಎಡಗಡೆಯ ಗೂಡನ್ನೇ ತಡಕುತ್ತಿರುತ್ತದೆ. ವಿಡಿಯೋ ಸಂಕಲನದ ತಂತ್ರಾಂಶವನ್ನು ಬದಲಿಸಿದವನ ಪಾಡೂ ಇದೇ. ಈ ವರ್ಷ ಆ ಪಾಡನ್ನು ಪಟ್ಟವನಾದುದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಜ್ಞಾನಭಾರತಿಯ ಹತ್ತಿರ ನಮ್ಮ ವಾಸ. ಎರಡು ವರ್ಷ ಸಂಜೆಯ ಹೊತ್ತು ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋಗಳನ್ನು ಅಡೋಬಿ ಪ್ರೀಮಿಯರ್ ಪ್ರೋ ಎಂಬ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸುತ್ತಿದ್ದೆ. ಕಾಲೇಜಿನ ಶುಲ್ಕವೂ ಮೆಟ್ರೋ ಚಾರ್ಜೂ ಅದರಿಂದಲೇ ಹುಟ್ಟುತ್ತಿದ್ದವು. ಈ ವರ್ಷ ಸ್ಟುಡಿಯೋ ಮುಚ್ಚಿತು. ನನ್ನ ಪಾಲಿಗೆ ಉಳಿದುವು ಮೂರು: ಬೆರಳುಗಳ ಅಭ್ಯಾಸ, ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯದೊಂದು ಲ್ಯಾಪ್‌ಟಾಪ್, ಮತ್ತು ವೃಷಭಾವತಿ ಹೊಳೆಯನ್ನು ಕುರಿತು ಗೆಳೆಯರೊಡನೆ ಅರ್ಧ ಮುಗಿಸಿದ ಹನ್ನೆರಡು ನಿಮಿಷದ ಚಿತ್ರ. ಜೊತೆಗೆ ನೆರೆಮನೆಯವರ ನಾಮಕರಣದ ವಿಡಿಯೋ ಬೇರೆ. ಅದಕ್ಕೆಂದು ಅವರು ಕೊಟ್ಟ ಮುಂಗಡ ಪರೀಕ್ಷಾ ಶುಲ್ಕವಾಗಿ ಆಗಲೇ ಕರಗಿತ್ತು.

ಪ್ರೀಮಿಯರ್‌ನ ಹೊಸ ಆವೃತ್ತಿಗಳು 2013ರಿಂದ ಚಂದಾದ ಲೆಕ್ಕದಲ್ಲಿ ದೊರೆಯುತ್ತವೆ. ತಿಂಗಳು ತಿಂಗಳೂ ಹಣ ತೆರುವ ಚೈತನ್ಯ ನನಗಿರಲಿಲ್ಲ. ಡಾವಿಂಚಿ ರಿಸಾಲ್ವ್ ಎಂಬುದರ ಉಚಿತ ಆವೃತ್ತಿಯಿದೆ. ಆದರೆ ಅದು ಬಲವಾದ ಯಂತ್ರವನ್ನು ಬೇಡುತ್ತದೆ. ನನ್ನ ಯಂತ್ರದ ಸ್ಮೃತಿ ಎಂಟೇ ಜೀಬಿ. ಕೊನೆಗೆ ಕೇಡೆನ್‌ಲೈವ್ ಎಂಬುದನ್ನು ಆರಿಸಿದೆ. 2002ರಲ್ಲಿ ಆರಂಭವಾದ ಇದು ಮುಕ್ತ ತಂತ್ರಾಂಶ. ಕೊಳ್ಳುವ ಮಾತೇ ಇಲ್ಲ.

ಮೊದಲನೆಯ ತೊಡಕು ಬೆರಳಿನದು. ಪ್ರೀಮಿಯರ್‌ನಲ್ಲಿ ‘ಸಿ’ ಒತ್ತಿದರೆ ಕತ್ತರಿ, ‘ವಿ’ ಒತ್ತಿದರೆ ಆಯ್ಕೆಯ ಬಾಣ. ಕೇಡೆನ್‌ಲೈವ್‌ನಲ್ಲಿ ಕತ್ತರಿಗೆ ‘ಎಕ್ಸ್’, ಬಾಣಕ್ಕೆ ‘ಎಸ್’. ‘ವಿ’ ಎಂದರೆ ಆರಿಸಿದ ತುಣುಕನ್ನು ನಡುವೆ ತುರುಕುವುದು! ಕೀಲಿಗಳನ್ನೆಲ್ಲ ಹಳೆಯದರಂತೆ ಬದಲಿಸಿಕೊಳ್ಳಲು ಅವಕಾಶವುಂಟು. ಆದರೆ ನಾಳೆ ಇನ್ನೊಬ್ಬರ ಯಂತ್ರದ ಮುಂದೆ ಕುಳಿತಾಗ ಏನು ಗತಿ? ಹೊಸ ಕೀಲಿಗಳನ್ನೇ ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಜೆ, ಕೆ, ಎಲ್ ಎಂಬ ಮೂರು ಕೀಲಿಗಳು ಎರಡರಲ್ಲಿಯೂ ಒಂದೇ: ಹಿಂದಕ್ಕೆ, ನಿಲ್ಲು, ಮುಂದಕ್ಕೆ. ಪರವೂರಿನ ಸಂತೆಯಲ್ಲಿ ಪರಿಚಿತ ಮುಖ ಕಂಡಷ್ಟು ಸಂತೋಷವಾಯಿತು.

ಎರಡನೆಯದು ಸಾಗಣೆಯ ತೊಡಕು. ಒಂದು ತಂತ್ರಾಂಶದ ಕಡತವನ್ನು ಇನ್ನೊಂದು ಹಾಗೆಯೇ ತೆರೆಯುವುದಿಲ್ಲ. ಇದು ದೊಡ್ಡವರನ್ನೂ ಕಾಡಿದ ಕಷ್ಟ. 2011ರಲ್ಲಿ ಫೈನಲ್ ಕಟ್ ಪ್ರೋ ಎಕ್ಸ್ ಬಂದಾಗ ಅದು ತನ್ನದೇ ಹಿಂದಿನ ಆವೃತ್ತಿಯ ಕಡತಗಳನ್ನು ತೆರೆಯಲಿಲ್ಲ. ಜಗತ್ತಿನ ಸಂಕಲನಕಾರರೆಲ್ಲ ಗದ್ದಲವೆಬ್ಬಿಸಿದರು. ಸ್ಟುಡಿಯೋ ಮುಚ್ಚುವ ಮುನ್ನ ಸಿಕ್ಕ ಎರಡು ಸಂಜೆಗಳಲ್ಲಿ ನಾನು ಮಾಡಿದ ಕೆಲಸ ಇಷ್ಟು: ಚಿತ್ರ, ಧ್ವನಿ, ಅಕ್ಷರವಿನ್ಯಾಸಗಳನ್ನೆಲ್ಲ ಒಂದೇ ಕೋಶದಲ್ಲಿ ಕೂಡಿಹಾಕಿದೆ, ಅಲ್ಲಿಯವರೆಗಿನ ಸಂಕಲನವನ್ನು ಒಂದೇ ವಿಡಿಯೋ ಆಗಿ ಹೊರತೆಗೆದೆ, ಪ್ರತಿಯೊಂದು ತುಣುಕು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂಬುದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಹೊಸ ತಂತ್ರಾಂಶದಲ್ಲಿ ಆ ಪಟ್ಟಿಯನ್ನು ಹಿಡಿದು ಮೊದಲಿನಿಂದ ಜೋಡಿಸಿದೆ.

ಹಾಗೆ ಜೋಡಿಸುವಾಗ ಒಂದು ಲಾಭವಾಯಿತು. ಕೆಂಗೇರಿಯ ಕಡೆಗೆ ಹರಿಯುವ ನೊರೆನೀರಿನ ದೃಶ್ಯವೊಂದು ಹಳೆಯ ಸಂಕಲನದಲ್ಲಿ ನಾಲ್ಕು ಸೆಕೆಂಡಿಗೆ ಮುಗಿಯುತ್ತಿತ್ತು. ಮದುವೆಯ ವಿಡಿಯೋಗಳ ಅವಸರ ಅದಕ್ಕೂ ಅಂಟಿಕೊಂಡಿತ್ತು. ಪಟ್ಟಿಯಲ್ಲಿ ಅಂಕೆಯಾಗಿ ಕಂಡಾಗ ಅದು ಸಾಲದೆನಿಸಿತು. ಹದಿನೈದು ಸೆಕೆಂಡು ಬಿಟ್ಟೆ. ಈಗ ನೋಡುವವನಿಗೆ ಮೂಗು ಮುಚ್ಚಿಕೊಳ್ಳಲು ಬೇಕಾದಷ್ಟು ಸಮಯವಿದೆ.

ಮೂರನೆಯದು ಯಂತ್ರದ ಬಡತನ. ಅದಕ್ಕೆ ‘ಪ್ರಾಕ್ಸಿ’ ಎಂಬ ಉಪಾಯವಿದೆ. ಮೊಬೈಲಿನ ಭಾರವಾದ ವಿಡಿಯೋಗಳ ಸಣ್ಣ ಪ್ರತಿಗಳನ್ನು ತಂತ್ರಾಂಶವೇ ಸಿದ್ಧಮಾಡುತ್ತದೆ. ಸಂಕಲನವೆಲ್ಲ ಆ ಪ್ರತಿಗಳ ಮೇಲೆ. ಕೊನೆಯ ಚಿತ್ರ ಮಾತ್ರ ಮೂಲದಿಂದ. ಮೊಬೈಲಿನ ವಿಡಿಯೋದಲ್ಲಿ ಸೆಕೆಂಡಿಗೆ ಇಷ್ಟೇ ಚೌಕಟ್ಟುಗಳೆಂಬ ನಿಯಮ ಹಲವು ವೇಳೆ ಇರುವುದಿಲ್ಲ. ಅದರಿಂದ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದುಂಟು. ಅಂಥ ಕಡತವನ್ನು ಮೊದಲೇ ಸಮಗತಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಕನ್ನಡ ಅಕ್ಷರಗಳದು ಬೇರೆಯೇ ಕಥೆ. ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಏರ್ಪಾಟನ್ನು ಆರಿಸಿಕೊಳ್ಳಬೇಕು. ಇಲ್ಲವಾದರೆ ‘ಜ್ಞಾನಭಾರತಿ’ಯಲ್ಲಿ ಜಕಾರಕ್ಕೂ ಞಕಾರಕ್ಕೂ ವಿಚ್ಛೇದನವಾಗುತ್ತದೆ. ಕೇಡೆನ್‌ಲೈವ್‌ನಲ್ಲಿ ಯೂನಿಕೋಡ್ ಅಕ್ಷರಗಳನ್ನು ಬರೆದೆ; ಒತ್ತಕ್ಷರ ತಾನಾಗಿ ಕಾಲಡಿಗೆ ಬಂದು ಕುಳಿತಿತು.

ಈ ಗೊಂದಲದ ನಡುವೆ ಒಂದು ರಾತ್ರಿ ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಅವಳು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು. ಊರಿನಲ್ಲಿ ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಲಿದವಳು, ಇಲ್ಲಿ ಬಂದು ವಿದ್ಯುತ್ ಯಂತ್ರದ ಮುಂದೆ ಕುಳಿತಳಂತೆ. ಒಂದಿಷ್ಟು ಒತ್ತಿದರೆ ಸಾಕು, ಅದು ಓಟ ಕೀಳುತ್ತಿತ್ತು. “ಮೊದಲ ವಾರ ಕಾಲಿಗೇ ಬುದ್ಧಿ ಹೇಳಬೇಕಾಯ್ತು. ಆದ್ರೆ ಹೊಲಿಗೆ ನೆಟ್ಟಗಿದ್ಯಾ ಅಂತ ನೋಡೋ ಕಣ್ಣು ಹಳೇದೇ ಅಲ್ವಾ?” ಎಂದಳು. ಕಂಪ್ಯೂಟರಿನ ಹೆಸರೂ ಹೇಳಲು ಬಾರದವಳು, ನನಗೆ ಯಾವ ಪಾಠದ ವಿಡಿಯೋವೂ ಹೇಳದುದನ್ನು ಹೇಳಿದಳು.

ಅಮ್ಮನ ಮಾತಿಗೆ ಸಾಕ್ಷಿ ಹಾಲಿವುಡ್ಡಿನಲ್ಲಿಯೂ ಇದೆ. ವಾಲ್ಟರ್ ಮರ್ಚ್ ಎಂಬ ಹೆಸರಾಂತ ಸಂಕಲನಕಾರ ಫಿಲ್ಮನ್ನು ಕೈಯಿಂದ ಕತ್ತರಿಸಿ, ಬಳಿಕ ಆವಿಡ್ ಎಂಬುದರಲ್ಲಿ ದುಡಿದು, 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಫೈನಲ್ ಕಟ್ ಪ್ರೋದಲ್ಲಿ ಸಂಕಲಿಸಿದರು. ಕತ್ತರಿ ಮೂರಾಯಿತು, ಎಲ್ಲಿ ಕತ್ತರಿಸಬೇಕೆಂಬ ವಿವೇಕ ಒಂದೇ.

ನಾಮಕರಣದ ವಿಡಿಯೋವನ್ನು ಹೇಳಿದ ದಿನಕ್ಕೆ ಒಪ್ಪಿಸಿದೆ. ಉಳಿದ ಹಣ ಕೈಸೇರಿತು. ಹೊಳೆಯ ಚಿತ್ರಕ್ಕೆ ಇನ್ನು ಧ್ವನಿಯ ಕೆಲಸವಷ್ಟೇ ಬಾಕಿ. ಮುಂದೆ ಉದ್ಯೋಗ ದೊರೆಯುವ ಕಡೆ ಯಾವ ತಂತ್ರಾಂಶವಿರುತ್ತದೋ ಬಲ್ಲವರಾರು? ಅದಕ್ಕಾಗಿ ಹೊಸ ಚೀಟಿಯೊಂದನ್ನು ಬರೆಯಬೇಕಾದೀತು. ಬರೆಯುತ್ತೇನೆ, ಅಂಟು ಇನ್ನೂ ಉಳಿದಿದೆ.