ಮಿಷಿಗನ್ ಸರೋವರದ ಮರಳುದಂಡೆಯಲ್ಲಿ

ಅಮೆರಿಕದ ಭೂಪಟವನ್ನು ಬಿಡಿಸಿ ನೋಡಿದರೆ ಶಿಕಾಗೋ ನಗರವು ಪೂರ್ವದ ಅಟ್ಲಾಂಟಿಕ್ ಸಾಗರಕ್ಕೂ ಪಶ್ಚಿಮದ ಪೆಸಿಫಿಕ್ ಸಾಗರಕ್ಕೂ ಬಹು ದೂರದಲ್ಲಿ, ನಾಡಿನ ಒಳಭಾಗದಲ್ಲಿರುವುದು ಕಂಡುಬರುತ್ತದೆ. ಆದರೂ ಬೇಸಿಗೆ ಬಂತೆಂದರೆ ಆ ಊರಿನ ಜನ ಚಾಪೆ, ಕೊಡೆ, ಬುತ್ತಿಗಳನ್ನು ಹೊತ್ತು ಬೀಚಿನತ್ತ ಹೊರಡುತ್ತಾರೆ. ಸಮುದ್ರವಿಲ್ಲದ ಊರಿಗೆ ಈ ಸೌಭಾಗ್ಯವನ್ನು ಕೊಟ್ಟಿರುವುದು ಮಿಷಿಗನ್ ಸರೋವರ. 1893ರಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಊರೆಂದು ಶಿಕಾಗೋ ನಮಗೆಲ್ಲ ಪರಿಚಿತ. ಆ ಸಭೆ ನಡೆದ ಕಟ್ಟಡವು ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾಸಂಗ್ರಹಾಲಯವಾಗಿದೆ. ಅಲ್ಲಿಂದ ಸ್ವಲ್ಪ ದೂರ ಪೂರ್ವಕ್ಕೆ ನಡೆದರೆ ಸರೋವರದ ದಂಡೆಯೇ ಸಿಗುತ್ತದೆ.

ಮಗಳು-ಅಳಿಯಂದಿರ ಮನೆಯಲ್ಲಿ ಬೇಸಿಗೆಯನ್ನು ಕಳೆಯಲು ಹೋಗಿದ್ದ ನಮಗೆ ಈ ಸರೋವರವನ್ನು ನೋಡುವ ಅವಕಾಶ ಹಲವು ಬಾರಿ ಒದಗಿತು. ಅದನ್ನು ಕೆರೆಯೆನ್ನಲು ಮನಸ್ಸು ಒಪ್ಪುವುದಿಲ್ಲ. ಸುಮಾರು 494 ಕಿಲೋಮೀಟರ್ ಉದ್ದ, 190 ಕಿಲೋಮೀಟರ್ ಅಗಲ. ಅತ್ಯಂತ ಆಳವಾದ ಕಡೆ 281 ಮೀಟರ್ ನೀರು. ಅದರ ವಿಸ್ತಾರ ಸುಮಾರು 58 ಸಾವಿರ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಎದುರು ದಡ ಕಾಣುವುದಿಲ್ಲ. ಗಾಳಿ ಎದ್ದಾಗ ತೆರೆಗಳು ಕಡಲಿನಂತೆಯೇ ಮೊರೆಯುತ್ತವೆ. ಆದರೆ ನೀರಿನಲ್ಲಿ ಉಪ್ಪಿಲ್ಲ, ಗಾಳಿಯಲ್ಲಿ ಕಡಲಿನ ವಾಸನೆಯಿಲ್ಲ. ನಗರದ ಲಕ್ಷಾಂತರ ಮನೆಗಳಿಗೆ ಕುಡಿಯುವ ನೀರು ಬರುವುದೂ ಇದೇ ಸರೋವರದಿಂದ.

ನೀರಿನ ಅಂಚಿನಲ್ಲಿ ಒಂದು ದಿನ

ನಾವು ಮೊದಲು ಹೋದದ್ದು ನಾರ್ತ್ ಅವೆನ್ಯೂ ಎಂಬ ದಂಡೆಗೆ. ಅಲ್ಲಿ ಹಡಗಿನ ಆಕಾರದ ಒಂದು ಕಟ್ಟಡವಿದೆ. ವಿಶಾಲವಾದ ಮರಳು, ಅದರ ಹಿಂದೆ ವಾಹನಗಳು ಹರಿದಾಡುವ ಹೆದ್ದಾರಿ, ಅದರಾಚೆ ಗಗನಚುಂಬಿ ಕಟ್ಟಡಗಳು. ದಕ್ಷಿಣಕ್ಕೆ ತುಸು ದೂರದಲ್ಲಿ ಕಾಣುವ ನೂರು ಅಂತಸ್ತಿನ ಕಪ್ಪು ಗೋಪುರಕ್ಕೆ ಆಧಾರವಾದ ವಿನ್ಯಾಸವನ್ನು ರೂಪಿಸಿದ ಎಂಜಿನಿಯರು ಢಾಕಾದಲ್ಲಿ ಜನಿಸಿದ ಫಜ್ಲುರ್ ಖಾನ್ ಅವರೆಂದು ಅಳಿಯಂದಿರು ತಿಳಿಸಿದಾಗ ಹೆಮ್ಮೆಯೆನಿಸಿತು.

ಕಾರಿನಿಂದ ಇಳಿದೊಡನೆ ನಮ್ಮ ಮನೆಯವರು ಮಗಳನ್ನು ಕೇಳಿದ ಮೊದಲ ಪ್ರಶ್ನೆ, “ಟಿಕೀಟು ಎಲ್ಲಿ ತಗೋಬೇಕು?” ಎಂದು. “ಇಲ್ಲಿ ಟಿಕೀಟಿಲ್ಲವ್ವಾ, ಎಲ್ಲಾರಿಗೂ ಪುಕ್ಕಟೆ” ಎಂದಳು ಮಗಳು. ಕಾರು ನಿಲ್ಲಿಸುವುದಕ್ಕೆ ಮಾತ್ರ ಹಣ ತೆರಬೇಕು. ಬಸ್ಸಿನಲ್ಲಿಯೋ ನಡೆದೋ ಬಂದವರಿಗೆ ಆ ಖರ್ಚೂ ಇಲ್ಲ. ಸರೋವರದ ಉತ್ತರ ದಂಡೆಯ ಕೆಲವು ಉಪನಗರಗಳಲ್ಲಿ ಹೊರಗಿನವರಿಂದ ಶುಲ್ಕ ಪಡೆಯುವ ಪದ್ಧತಿಯುಂಟು. ಶಿಕಾಗೋ ನಗರದ ಮರಳುದಂಡೆಗಳಿಗೆ ಪ್ರವೇಶ ಶುಲ್ಕವಿಲ್ಲ.

ಜುಲೈ ತಿಂಗಳ ಬಿಸಿಲಿನಲ್ಲೂ ನೀರಿಗೆ ಮೊದಲ ಹೆಜ್ಜೆಯಿಟ್ಟಾಗ ಮೈ ಜುಮ್ಮೆನ್ನುತ್ತದೆ. ಚಳಿಗಾಲದಲ್ಲಿ ಅಂಚು ಹೆಪ್ಪುಗಟ್ಟುವ ಸರೋವರವದು, ಬಿಸಿಯಾಗುವುದು ನಿಧಾನ. ಮೊಮ್ಮಕ್ಕಳು ಈಜುಡುಗೆ ತೊಟ್ಟು ನೀರಿಗೆ ಧುಮುಕಿದರು. ನಮ್ಮ ಮನೆಯವರು ಸೀರೆಯ ನೆರಿಗೆಯನ್ನು ತುಸು ಎತ್ತಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಸುತ್ತಲೂ ನಾನಾ ದೇಶಗಳ, ನಾನಾ ಬಣ್ಣಗಳ ಕುಟುಂಬಗಳು. ಒಂದೆಡೆ ತಲೆವಸ್ತ್ರ ಧರಿಸಿದ ತಾಯಂದಿರು, ಮತ್ತೊಂದೆಡೆ ಸ್ಪ್ಯಾನಿಷ್ ಮಾತನಾಡುವ ಅಜ್ಜ-ಅಜ್ಜಿಯರು. ಯಾರೂ ಯಾರ ಉಡುಗೆಯನ್ನೂ ದಿಟ್ಟಿಸಿ ನೋಡಲಿಲ್ಲ. ನಾವೂ ಮರಳಿನ ಮೇಲೆ ಜಮಖಾನೆ ಹಾಸಿ ಚಪಾತಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿಯನ್ನು ಬಿಚ್ಚಿದೆವು.

ಪುಕ್ಕಟೆಯಾದದ್ದು ಹೇಗೆ?

ಇಷ್ಟು ಬೆಲೆಬಾಳುವ ನಗರದ ನಡುವೆ, ಇಷ್ಟು ಸುಂದರವಾದ ದಂಡೆ ಯಾವ ಶ್ರೀಮಂತನ ಬೇಲಿಯೊಳಗೂ ಸೇರದೆ ಉಳಿದದ್ದು ಹೇಗೆಂಬ ಪ್ರಶ್ನೆ ನನ್ನನ್ನು ಕಾಡಿತು. ಉತ್ತರಕ್ಕಾಗಿ ಹಿಂದಿನ ಎರಡು ಶತಮಾನಗಳನ್ನು ತಿರುವಿ ನೋಡಬೇಕಾಗುತ್ತದೆ.

1836ರಲ್ಲಿ, ಶಿಕಾಗೋ ಇನ್ನೂ ಪುಟ್ಟ ಊರಾಗಿದ್ದಾಗ, ಕಾಲುವೆ ನಿರ್ಮಾಣದ ಅಧಿಕಾರಿಗಳು ಮಾರಾಟದ ನಿವೇಶನಗಳ ನಕ್ಷೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಸರೋವರದಂಚಿನ ಒಂದು ತುಂಡು ಭೂಮಿಯ ಮೇಲೆ, ಇದು ಸಾರ್ವಜನಿಕರದು, ಇಲ್ಲಿ ಎಂದೆಂದಿಗೂ ಯಾವ ಕಟ್ಟಡವೂ ಏಳಕೂಡದು ಎಂಬ ಅರ್ಥದ ಮಾತನ್ನು ಬರೆದಿಟ್ಟರು. ಮುಂದೆ ಊರು ಬೆಳೆದು, ಆ ಭೂಮಿಯಲ್ಲಿ ಕಟ್ಟಡಗಳನ್ನು ಎಬ್ಬಿಸುವ ಪ್ರಯತ್ನಗಳು ನಡೆದಾಗ ಮಾಂಟ್‌ಗೊಮರಿ ವಾರ್ಡ್ ಎಂಬ ವರ್ತಕರು 1890ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಮಾರು ಇಪ್ಪತ್ತು ವರ್ಷ ಹೋರಾಡಿ, ಆ ಹಳೆಯ ಬರಹದ ಬಲದಿಂದಲೇ ಗೆದ್ದರು. 1909ರಲ್ಲಿ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ಅವರು ರೂಪಿಸಿದ ನಗರ ಯೋಜನೆಯು, ಸರೋವರದ ಅಂಚು ಇಡೀ ಜನತೆಯ ಹಕ್ಕೆಂದು ಸಾರಿತು. ಇಂದು ನಗರದ ದಂಡೆಯ ಬಹುಭಾಗ ಸಾರ್ವಜನಿಕ ಉದ್ಯಾನವೇ ಆಗಿದೆ.

ನೀರನ್ನು ಶುದ್ಧವಾಗಿ ಉಳಿಸಿಕೊಂಡದ್ದೂ ಸುಲಭದ ಮಾತಲ್ಲ. ಊರಿನ ಕೊಳಚೆಯನ್ನು ಹೊತ್ತ ಶಿಕಾಗೋ ನದಿ ಮೊದಲು ಸರೋವರಕ್ಕೇ ಸೇರುತ್ತಿತ್ತು. 45 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಿ, 1900ರಲ್ಲಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿ, ಸರೋವರವನ್ನು ಕಾಪಾಡಿಕೊಂಡರು.

ಕಾಣದ ಗೆರೆ

ಪುಕ್ಕಟೆ ಎಂಬುದಕ್ಕೂ ಎಲ್ಲರಿಗೂ ಎಂಬುದಕ್ಕೂ ಅಂತರವುಂಟು. ಆ ಅಂತರವನ್ನು ತಿಳಿಯಲು ದಕ್ಷಿಣದ 29ನೆಯ ಬೀದಿಯ ದಂಡೆಗೆ ಹೋಗಬೇಕು. ಮಗಳು ನಮ್ಮನ್ನು ಅಲ್ಲಿಗೂ ಕರೆದೊಯ್ದಳು.

1919ರ ಜುಲೈ 27, ಭಾನುವಾರ. ತಡೆಯಲಾಗದ ಸೆಖೆ. ಆ ಕಾಲದಲ್ಲಿ ಅಲ್ಲಿ ಬಿಳಿಯರ ದಂಡೆ ಬೇರೆ, ಕಪ್ಪು ವರ್ಣದವರ ದಂಡೆ ಬೇರೆ. ಹಾಗೆಂದು ಕಾನೂನಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ, ರೂಢಿಯೇ ಕಾನೂನಾಗಿತ್ತು. ಯುಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ವರ್ಣದ ಬಾಲಕ ಗೆಳೆಯರೊಡನೆ ತೆಪ್ಪದಲ್ಲಿ ತೇಲುತ್ತ, ನೀರಿನ ಮೇಲಿನ ಆ ಕಾಣದ ಗೆರೆಯನ್ನು ದಾಟಿದ. ದಂಡೆಯಿಂದ ಬಿಳಿಯನೊಬ್ಬ ಕಲ್ಲು ತೂರಿದ. ಬಾಲಕ ನೀರಿನಲ್ಲಿ ಮುಳುಗಿ ಸತ್ತ. ಸ್ಥಳದಲ್ಲಿದ್ದ ಪೊಲೀಸನು ಕಲ್ಲೆಸೆದವನನ್ನು ಬಂಧಿಸಲು ಒಪ್ಪಲಿಲ್ಲ. ಅಲ್ಲಿಂದ ಹೊತ್ತಿದ ಗಲಭೆಯಲ್ಲಿ 38 ಮಂದಿ ಪ್ರಾಣ ತೆತ್ತರು; ಅವರಲ್ಲಿ 23 ಮಂದಿ ಕಪ್ಪು ವರ್ಣದವರು, 15 ಮಂದಿ ಬಿಳಿಯರು. ಐದುನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನಾಲ್ಕು ದಶಕಗಳ ತರುವಾಯವೂ ಗೆರೆ ಅಳಿಸಿರಲಿಲ್ಲ. 1960 ಮತ್ತು 1961ರ ಬೇಸಿಗೆಯಲ್ಲಿ ಇನ್ನೂ ದಕ್ಷಿಣದ ರೇನ್‌ಬೋ ದಂಡೆಯಲ್ಲಿ ಕಪ್ಪು ವರ್ಣದ ಯುವಕ-ಯುವತಿಯರು, ಅವರ ಜೊತೆಗೆ ಕೆಲವು ಬಿಳಿಯ ಗೆಳೆಯರು, ಒಟ್ಟಾಗಿ ನೀರಿಗಿಳಿದು ಸತ್ಯಾಗ್ರಹ ಮಾಡಬೇಕಾಯಿತು. ಅವರ ಮೇಲೂ ಕಲ್ಲುಗಳು ಬಿದ್ದವು.

ಈ ಕಥೆ ನಮಗೆ ಹೊಸದಲ್ಲ. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ದಾಟಿದ್ದೂ ಇಂಥದೇ ಗೆರೆಯನ್ನು. ದಂಡೆಯ ಬಳಿಯಿರುವ ಚಿಕ್ಕ ಸ್ಮಾರಕ ಫಲಕದ ಮುಂದೆ ನಿಂತಾಗ ನನ್ನ ಬಾಲ್ಯದ ಊರಿನ ಬಾವಿಕಟ್ಟೆಗಳು ನೆನಪಿಗೆ ಬಂದವು.

ಸರೋವರದ ಅಂಚಿನುದ್ದಕ್ಕೂ ಸಾಗುವ ಹೆದ್ದಾರಿಗೆ 2021ರಲ್ಲಿ ಡುಸಾಬಲ್ ಅವರ ಹೆಸರನ್ನು ಸೇರಿಸಲಾಯಿತು. ಮೂಲನಿವಾಸಿಗಳನ್ನು ಬಿಟ್ಟರೆ ಶಿಕಾಗೋದ ನೆಲದಲ್ಲಿ ಮೊದಲು ಕಾಯಂ ಆಗಿ ನೆಲೆಸಿದ ಆ ವ್ಯಾಪಾರಿ ಕಪ್ಪು ವರ್ಣದವರು. ಯಾರು ಮೊದಲು ಮನೆ ಕಟ್ಟಿದರೋ ಅವರ ಬಣ್ಣದ ಮಕ್ಕಳಿಗೇ ಅಲ್ಲಿನ ನೀರು ನಿಷಿದ್ಧವಾಗಿತ್ತೆಂಬುದನ್ನು ಆ ಹೆಸರು ಈಗ ನೆನಪಿಸುತ್ತದೆ.

ಹೋಗುವವರಿಗೆ

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಆ ಪ್ರಾಂತದಲ್ಲಿ ನೆಲೆಸಿದ್ದಾರೆ. ಅಲ್ಲಿ ಕನ್ನಡ ಕೂಟವೂ ಉಂಟು. ಬೇಸಿಗೆಯಲ್ಲಿ ಹೋಗುವ ಹಿರಿಯರು ಕೆಲವು ಸಂಗತಿಗಳನ್ನು ಗಮನಿಸಬೇಕು. ಈಜಲು ಅವಕಾಶವಿರುವುದು ಮೇ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ; ಜೀವರಕ್ಷಕರು ಕಾವಲಿರುವ ವೇಳೆಯಲ್ಲಿ ಮಾತ್ರ ನೀರಿಗಿಳಿಯುವುದು ಕ್ಷೇಮ. ದಂಡೆಯಲ್ಲಿ ಹಸಿರು ಬಾವುಟವಿದ್ದರೆ ಇಳಿಯಬಹುದು, ಹಳದಿಯಿದ್ದರೆ ಎಚ್ಚರದಿಂದಿರಬೇಕು, ಕೆಂಪಿದ್ದರೆ ಇಳಿಯಕೂಡದು. ಉಪ್ಪಿಲ್ಲದ ನೀರು ಕಡಲಿನಷ್ಟು ದೇಹವನ್ನು ತೇಲಿಸುವುದಿಲ್ಲ. ಗಾಳಿಯ ದಿನಗಳಲ್ಲಿ ಒಳಸೆಳೆತವೂ ಉಂಟು. ಕಲ್ಲಿನ ಒಡ್ಡುಗಳ ಬಳಿ ಅದು ಹೆಚ್ಚು. ಕೆರೆಯಲ್ಲವೇ ಎಂದು ಮಕ್ಕಳನ್ನು ಅವರ ಪಾಡಿಗೆ ಬಿಡುವಂತಿಲ್ಲ. ಮರಳಿನಲ್ಲಿ ಬುತ್ತಿಯ ಎಲೆ, ಕಾಗದಗಳನ್ನು ಬಿಟ್ಟು ಬರಕೂಡದು. ಆ ಸರೋವರದ ನೀರನ್ನೇ ಊರೆಲ್ಲ ಕುಡಿಯುತ್ತದೆ.

ಉತ್ತರದ ಸುಂದರ ದಂಡೆಗಳಲ್ಲಿ ಆಡಿ ದಣಿದ ಮೇಲೆ, ಒಂದು ಸಂಜೆ ಮೊಮ್ಮಕ್ಕಳ ಕೈಹಿಡಿದು 29ನೆಯ ಬೀದಿಯವರೆಗೂ ಹೋಗಿ ಬನ್ನಿ. ಆ ಬಾಲಕನ ಹೆಸರನ್ನು ಅವರಿಗೆ ಹೇಳಿರಿ. ಬೇರೆ ಬೇರೆ ಬಣ್ಣದ ಗೆಳೆಯರೊಡನೆ ಇಂದು ಅವರು ಒಂದೇ ನೀರಿನಲ್ಲಿ ಈಜುತ್ತಿರುವುದು ಎಷ್ಟು ಜನರ ಹೋರಾಟದ ಫಲವೆಂಬುದನ್ನು ತಿಳಿದು ಬೆಳೆದ ಮಕ್ಕಳು, ಮುಂದೆ ಎಲ್ಲಿಯೂ ಅಂಥ ಗೆರೆಯನ್ನು ಎಳೆಯಲಾರರು.